ಕೊನೆಯವರೆಗೂ ಒಂದೇ ಟೇಬಲ್ಲು

ನನ್ನನ್ನು ಸಮುದ್ರಕ್ಕೆ ಅಟ್ಟಿದ್ದು ನನ್ನ ಮಗಳು. ಅಂಗಡಿಯನ್ನು ಅವಳ ಕೈಗೆ ಕೊಟ್ಟ ಮೇಲೂ ನಾನು ದಿನಾ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದೆ. ಅವಳು ಗಿರಾಕಿಯ ಕಿವಿಯ ಹಿಂದೆ ಕತ್ತರಿ ಆಡಿಸುವಾಗ "ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ" ಎನ್ನುತ್ತಿದ್ದೆ. ಒಂದು ದಿನ ಅವಳು ಕತ್ತರಿ ಕೆಳಗಿಟ್ಟು, "ಅಪ್ಪಾ, ಎಲ್ಲಿಗಾದ್ರೂ ಹೋಗು. ನಾನೇ ಕರೆದ್ರೂ ವಾಪಸ್ ಬರೋಕಾಗದಷ್ಟು ದೂರ ಹೋಗು" ಅಂದಳು. ಅದಕ್ಕೆ ಹಡಗಿಗಿಂತ ಒಳ್ಳೆಯ ಜಾಗ ಯಾವುದಿದೆ? ಬೇಜಾರಾಯಿತೆಂದು ನಡುವೆ ಇಳಿದು ಮನೆಗೆ ನಡೆಯುವ ಹಾಗಿಲ್ಲ.

ಹೀಗೆ ಆ ಸಂಜೆ, ಹೆಂಡತಿಯನ್ನು ಕಳೆದುಕೊಂಡು ವರ್ಷಗಳಾದ, ಬದುಕಿಡೀ ಬೇರೆಯವರ ತಲೆ ನೋಡಿಕೊಂಡೇ ಉಂಡ ಕ್ಷೌರಿಕನಾದ ನಾನು, ಹಡಗಿನ ಊಟದ ಕೋಣೆಯ ಬಾಗಿಲಲ್ಲಿ ನೀಟಾಗಿ ಬಾಚಿಕೊಂಡು ನಿಂತಿದ್ದೆ. ಕೂದಲಿನ ವಿಷಯದಲ್ಲಿ ನನಗೆ ಜಂಭ ಇದೆ, ಮುಚ್ಚಿಡುವುದಿಲ್ಲ. ಅರವತ್ತು ದಾಟಿದರೂ ನನ್ನ ತಲೆಯಲ್ಲಿ ಬೆರಳಗಲದ ಜಾಗವೂ ಖಾಲಿ ಇರಲಿಲ್ಲ.

ಅಲ್ಲಿನ ಮೇಲ್ವಿಚಾರಕಿ ನಗುತ್ತ ಕೇಳಿದಳು: "ಒಬ್ಬರೇ ಬಂದಿದೀರಾ? ಒಬ್ಬರೇ ಕೂತು ಊಟ ಮಾಡ್ತೀರೋ, ಬೇರೆಯವರ ಜೊತೆ ಕೂರ್ತೀರೋ?"

ಮನೆಯಲ್ಲಿ ಗೋಡೆ ನೋಡಿಕೊಂಡು ಉಂಡದ್ದು ಸಾಕಾಗಿತ್ತು. "ಜನರ ಜೊತೆ" ಅಂದೆ.

"ಹಾಗಾದ್ರೆ ದಿನಕ್ಕೊಂದು ಟೇಬಲ್ಲಾ, ಕೊನೇವರೆಗೂ ಒಂದೇ ಟೇಬಲ್ಲಾ? ಯೋಚನೆ ಮಾಡಿ ಹೇಳಿ. ಆಮೇಲೆ ಬದಲಾಯಿಸೋಕಾಗಲ್ಲ."

ಬೇರೆಯವರಾದರೆ ಮುಖ ನೋಡಿ ಆರಿಸುತ್ತಿದ್ದರು. ನಾನು ತಲೆ ನೋಡಿದೆ. ಒಂದು ಟೇಬಲ್ಲಿನಲ್ಲಿ ಹುಡುಗರು. ಪಕ್ಕವೆಲ್ಲ ಬೋಳಿಸಿ ನೆತ್ತಿಯ ಮೇಲೆ ಮಾತ್ರ ಪೊದೆ ಬಿಟ್ಟುಕೊಂಡಿದ್ದರು. ಇನ್ನೊಂದರಲ್ಲಿ ಕೆಂಪು ಬಣ್ಣ ಹಾಕಿ ಬುಡದಲ್ಲಿ ಬಿಳಿ ಕಾಣಿಸುತ್ತಿದ್ದ ಹೆಂಗಸರು, ಒಬ್ಬರಿಗಿಂತ ಒಬ್ಬರ ಗಂಟಲು ಜೋರು. ಆಮೇಲೆ ಕಿಟಕಿ ಪಕ್ಕದ ಟೇಬಲ್ಲು. ಅಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಕುತ್ತಿಗೆಯವರೆಗೆ ಇಳಿದ ಕಪ್ಪು ಕೂದಲು, ನಡುವೆ ಎರಡು ಬೆಳ್ಳಿ ಎಳೆ, ತುದಿ ಒಂದೇ ಸಮನಾಗಿ ಒಳಕ್ಕೆ ಬಾಗಿತ್ತು. ಆ ವಯಸ್ಸಿನ ತಲೆಯಲ್ಲಿ ಅಂಥ ಕೂದಲನ್ನು ನಾನು ಕಂಡೇ ಇರಲಿಲ್ಲ.

"ಆ ಕಿಟಕಿ ಪಕ್ಕದ್ದು," ಅಂದೆ. "ಕೊನೇವರೆಗೂ."

ಟೇಬಲ್ಲಿಗೆ ನಾಲ್ಕೇ ಕುರ್ಚಿ. ಒಂದರಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು. ತಟ್ಟೆಗೂ ಬಾಯಿಗೂ ಹತ್ತಿರದ ದಾರಿ ಬಿಟ್ಟು ಬೇರೆ ಯಾವ ಲೆಕ್ಕವೂ ಅವರಿಗೆ ಈಗ ಬೇಕಿರಲಿಲ್ಲ. ಎದುರಿಗೆ ಒಬ್ಬ ಹಲ್ಲಿನ ಡಾಕ್ಟರು. ನಾನು ಆ ಹೆಂಗಸಿನ ಪಕ್ಕದ ಕುರ್ಚಿ ಹಿಡಿದೆ. ಆಕೆ ಸಿಟಿ ಬಸ್ಸು ಓಡಿಸುತ್ತಿದ್ದವರಂತೆ. ಊಟ ಮುಗಿಯುವಷ್ಟರಲ್ಲಿ ನಮಗೆಲ್ಲ ಡ್ರೈವರಮ್ಮ ಆಗಿಬಿಟ್ಟರು.

"ಕೆಲಸ ಇರೋವರೆಗೂ ಜನಕ್ಕೆ ಬೆನ್ನು ಹಾಕ್ಕೊಂಡೇ ಕೂತಿದ್ದೆ," ಅಂದರು. "ಬೈಯೋರು, ಅಳೋರು, ಪ್ರೀತಿ ಮಾಡೋರು, ಎಲ್ಲಾ ಬೆನ್ನ ಹಿಂದೆ. ಒಂದ್ಸಲ ಎದುರು ಕೂತು ಮುಖ ನೋಡೋಣ ಅಂತ ಈ ಟೇಬಲ್ ಕೇಳಿದೆ."

ಇಷ್ಟು ಚೆನ್ನಾಗಿ ಮಾತಾಡುವ ಹೆಂಗಸನ್ನು ಕಂಡು ಎಷ್ಟು ಕಾಲವಾಗಿತ್ತೋ. ನನ್ನ ಎದೆ ಹಗುರಾಯಿತು. ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು. ಕ್ಷೌರಿಕನಿಗೆ ಬರುವ ಒಳ್ಳೆಯ ಮಾತು ಒಂದೇ.

"ನಿಮ್ಮ ಕೂದಲು ಕತ್ತರಿಸಿದವರ ಕೈಗೆ ಬಂಗಾರದ ಬಳೆ ತೊಡಿಸ್ಬೇಕು," ಅಂದೆ. "ಯಾರು ಅವರು?"

"ನಮ್ಮ ಕಡೆಯವರೇ," ಅಂದರು. "ಸ್ವಲ್ಪ ಉಪ್ಪು ಕೊಡ್ತೀರಾ?"

ಉಪ್ಪು ಕೊಟ್ಟೆ. ಮತ್ತೆ ಹೊಗಳಿದೆ. ತುದಿ ಹೇಗೆ ಕೂತಿದೆ, ಬೆಳ್ಳಿ ಎಳೆ ಎಷ್ಟು ಹದವಾಗಿದೆ ಎಂದೆಲ್ಲ ಹೇಳಿದೆ. ಆಕೆ ತಟ್ಟೆ ನೋಡಿಕೊಂಡು ನಕ್ಕರು. ನಾಚಿಕೆ ಎಂದುಕೊಂಡೆ.

ಮರುದಿನ ನಾನು ಬರುವಷ್ಟರಲ್ಲಿ ಡ್ರೈವರಮ್ಮ ಎದುರುಗಡೆ, ಡಾಕ್ಟರ ಪಕ್ಕ ಕೂತಿದ್ದರು. ನನ್ನ ಪಕ್ಕಕ್ಕೆ ಮೇಷ್ಟ್ರು ಬಂದಿದ್ದರು.

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಅಲ್ಲಿಂದ ಮುಂದೆ ಡಾಕ್ಟರಿಗೆ ಎದುರಲ್ಲಿ "ಡಾಕ್ಟ್ರೇ, ಹೇಳಿ" ಎಂದು ಬಹುವಚನ, ಮನಸ್ಸಿನಲ್ಲಿ ಬರೀ ಏಕವಚನ. ಅವನಲ್ಲಿ ಏನಿತ್ತು ಅಂತೀರಿ? ಮಾತು ಕಡಿಮೆ, ಅದೂ ಮೆಲ್ಲಗೆ. ಊಟವಾದ ಮೇಲೆ ಒಂದು ಕಿತ್ತಳೆ ತೆಗೆದುಕೊಂಡು, ಸಿಪ್ಪೆ ಎಲ್ಲೂ ಹರಿಯದ ಹಾಗೆ ಸುಲಿದು, ಅರ್ಧ ತೊಳೆಗಳನ್ನು ಅವರ ತಟ್ಟೆಯ ಅಂಚಿಗಿಡುತ್ತಿದ್ದ. ಆಕೆ ಅದೇನೋ ದೊಡ್ಡ ಉಡುಗೊರೆ ಎನ್ನುವ ಹಾಗೆ ಒಂದೊಂದೇ ತಿನ್ನುತ್ತಿದ್ದರು. ನಾನೂ ಸೇಬು ಹೆಚ್ಚಿ ಕೊಟ್ಟೆ. "ಹಲ್ಲು ನೋವು, ಬೇಡ" ಅಂದರು. ಹಲ್ಲು ನೋವಿನ ಮಾತು ಸಿಕ್ಕಿದ್ದೇ ತಡ, ಅವರಿಬ್ಬರಿಗೆ ಆ ರಾತ್ರಿಯಿಡೀ ಮಾತಾಡಲು ವಿಷಯ ಸಿಕ್ಕಿತು. ನನ್ನ ಸೇಬಿನಿಂದ ಅವನಿಗೆ ಲಾಭ.

ಮೂರನೆಯ ಸಂಜೆ ನಾನು ಎಲ್ಲರಿಗಿಂತ ಮೊದಲು ಹೋಗಿ ನನ್ನ ಪಕ್ಕದ ಕುರ್ಚಿಯ ಮೇಲೆ ಕರ್ಚೀಫು ಹಾಕಿ ಕೂತೆ. ಡ್ರೈವರಮ್ಮ ಬಂದರು. ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕೈಗಿಟ್ಟರು.

"ನನ್ನ ಬಸ್ಸಲ್ಲಿ ಕರ್ಚೀಫ್ ಹಾಕಿದವರಿಗೆ ಸೀಟು ಸಿಗ್ತಿರಲಿಲ್ಲ," ಎಂದು ನಕ್ಕು, ಹೋಗಿ ಅವನ ಪಕ್ಕ ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೇಷ್ಟ್ರು ಆ ಕುರ್ಚಿಯಲ್ಲಿ ಕೂತು ನನ್ನ ಪಾಲಿನ ಬ್ರೆಡ್ಡೂ ತಿಂದರು.

ಆವತ್ತಿನಿಂದ ನಾನು ಡಾಕ್ಟರನ್ನು ನೋಡತೊಡಗಿದೆ. ನಾನು ಒಬ್ಬನನ್ನು ನೋಡುವುದೆಂದರೆ ಅವನ ತಲೆಯನ್ನು ನೋಡುವುದು. ಎರಡೇ ನಿಮಿಷಕ್ಕೆ ಕಳ್ಳ ಸಿಕ್ಕಿಬಿದ್ದ. ಹಣೆಯ ಅಂಚಿನಲ್ಲಿ ಕೂದಲು ಗೋಡೆ ಕಟ್ಟಿದ ಹಾಗೆ ದಟ್ಟವಾಗಿ ಶುರುವಾಗುತ್ತಿತ್ತು. ನೆತ್ತಿಯಲ್ಲಿ ಸುಳಿ ಇರಲಿಲ್ಲ. ಒಂದಾದರೂ ಸುಳಿ ಇಲ್ಲದ ತಲೆ ನನ್ನ ಕುರ್ಚಿಗೆ ಇಷ್ಟು ವರ್ಷದಲ್ಲಿ ಬಂದಿಲ್ಲ. ವಿಗ್ಗು! ಅದೂ ಅಗ್ಗದ ಮಾಲು. ನನಗಾದ ಸಂತೋಷ ಹೇಳತೀರದು.

ಮರುದಿನ ಡೆಕ್ಕಿನ ಮೇಲೆ ಇಬ್ಬರೂ ವಾಕಿಂಗ್ ಹೊರಟಿದ್ದರು. ಗಾಳಿ ಬೀಸಿದಾಗಲೆಲ್ಲ ಅವನ ಕೈ ತಲೆಗೆ ಹೋಗುತ್ತಿತ್ತು. ಡ್ರೈವರಮ್ಮ ತಲೆಗೆ ಬಟ್ಟೆ ಬಿಗಿದುಕೊಂಡಿದ್ದರು. ಹೆಂಗಸರು ಕಟ್ಟಿಕೊಳ್ಳುತ್ತಾರೆ, ಅದರಲ್ಲೇನು. ನಾನು ನೋಡಿದ್ದು ಅವನ ಕೈಯನ್ನು. ಅವನು ಏನೋ ಅಂದ, ಆಕೆ ಕಂಬಿ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. ನನ್ನ ಯಾವ ಮಾತಿಗೂ ಆಕೆ ಹಾಗೆ ನಕ್ಕಿರಲಿಲ್ಲ. ನನ್ನ ಕೂದಲು ಗಾಳಿಗೆ ನಾಲ್ಕೂ ದಿಕ್ಕಿಗೆ ಹಾರುತ್ತಿತ್ತು, ಒಂದೂ ಉದುರಲಿಲ್ಲ, ಅದನ್ನು ನೋಡುವವರಿಲ್ಲ.

ಆ ಸಂಜೆ ಸೂಪು ಬರುವ ಹೊತ್ತಿಗೆ ನಾನು ತೀರ್ಮಾನ ಮಾಡಿಯಾಗಿತ್ತು. ಹೆಸರೆತ್ತಿ ಹೇಳಬಾರದು. ಕುಂಬಳಕಾಯಿ ಕಳ್ಳ ಅಂದರೆ ಸಾಕು, ಹೆಗಲು ತಾನೇ ಮುಟ್ಟಿಕೊಳ್ಳುತ್ತಾನೆ.

"ಮೇಷ್ಟ್ರೇ," ಎಂದು ಎಲ್ಲರಿಗೂ ಕೇಳುವಂತೆ ಶುರು ಮಾಡಿದೆ, "ನಮ್ಮ ಕಸುಬಿನವರ ಕಣ್ಣಿಗೆ ಮಣ್ಣೆರಚೋಕಾಗಲ್ಲ. ಈ ಟೇಬಲ್ಲಲ್ಲೇ ಒಬ್ಬರಿದಾರೆ. ಅವರ ತಲೆ ಮೇಲಿರೋ ಕೂದಲು ಅವರದಲ್ಲ."

ಹೇಳಿ, ತಲೆಗೆ ಹೋಗುವ ಕೈಗಾಗಿ ಕಾದೆ. ಕೈ ಹೋಯಿತು. ಆದರೆ ಅದು ಡಾಕ್ಟರ ಕೈ ಆಗಿರಲಿಲ್ಲ.

ಡ್ರೈವರಮ್ಮನ ಬೆರಳುಗಳು ಕಿವಿಯ ಮೇಲೆ, ಕೂದಲು ಶುರುವಾಗುವ ಕಡೆ ನಿಂತಿದ್ದವು. ಇನ್ನೊಂದು ಕೈಯ ಚಮಚ ಸೂಪಿನೊಳಗೆ ಜಾರಿತು.

"ಮೊದಲ ದಿನವೇ ನಿಮಗೆ ಗೊತ್ತಾಯ್ತು ಅಂತ ಅನ್ನಿಸ್ತು," ಅಂದರು. ದನಿ ಸಣ್ಣದಾಗಿತ್ತು. "ಅದಕ್ಕೇ ದೂರ ಹೋಗಿ ಕೂತೆ. ಹೇಳಲ್ಲ ಅಂದ್ಕೊಂಡಿದ್ದೆ."

ಈಗ ನೋಡಿದೆ. ಈಗ ಕಂಡಿತು. ಬಹಳ ಒಳ್ಳೆಯ ಕೈಯ ಕೆಲಸ, ಒಂದೊಂದೇ ಎಳೆ ಗಂಟು ಹಾಕಿದ್ದು. ಆದರೂ ನನಗೆ ಕಾಣಬೇಕಿತ್ತು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಅದು ನಾನೇ.

ಆಗ ಡಾಕ್ಟರು ಒಂದು ಕೆಲಸ ಮಾಡಿದ. ಎರಡೂ ಕೈ ತಲೆಗೆ ಹಾಕಿ, ಆ ಅಗ್ಗದ ವಿಗ್ಗನ್ನು ಟೋಪಿ ತೆಗೆದ ಹಾಗೆ ತೆಗೆದು, ಬ್ರೆಡ್ಡಿನ ತಟ್ಟೆಯ ಪಕ್ಕ ಇಟ್ಟ. ನುಣ್ಣನೆಯ ತಲೆ ದೀಪದ ಕೆಳಗೆ ಹೊಳೆಯಿತು.

"ನಿಮ್ಮ ವಿಷಯ ಅಲ್ಲ ಅಮ್ಮಾ ಅವರು ಹೇಳಿದ್ದು," ಅಂದ. "ನನ್ನದು. ನಿನ್ನೆಯಿಂದ ನನ್ನ ತಲೆ ಮೇಲೇ ಕಣ್ಣು ಅವರಿಗೆ."

ಮೇಷ್ಟ್ರು ಸೂಪಿನಿಂದ ಮುಖ ಎತ್ತಿ ವಿಗ್ಗನ್ನು ನೋಡಿ, ಬ್ರೆಡ್ಡಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

ಡ್ರೈವರಮ್ಮ ನನ್ನನ್ನೇ ನೋಡುತ್ತಿದ್ದರು. "ಯಾರ ಬಗ್ಗೆ ಹೇಳಿದ್ರಿ?"

"ಡಾಕ್ಟರ ಬಗ್ಗೆ," ಅಂದೆ. ಬೇರೆ ಏನು ಹೇಳಲಿ? "ನಿಮ್ಮದು ನನಗೆ ಗೊತ್ತೇ ಆಗಿರಲಿಲ್ಲ. ಆಣೆಗೂ. ಬಾಗಿಲಲ್ಲಿ ನಿಂತು ಆ ಕೂದಲು ನೋಡೇ ಈ ಟೇಬಲ್ ಆರಿಸಿದ್ದು ನಾನು."

ಸಮಾಧಾನ ಆಗಲಿ ಎಂದು ಹೇಳಿದ ಮಾತು. ಆಕೆ ಸೂಪಿನಿಂದ ಚಮಚ ತೆಗೆದು, ಒರೆಸಿ, ತಟ್ಟೆಯ ಪಕ್ಕ ಇಟ್ಟರು.

"ಹಾಗಾದ್ರೆ ನೀವು ನನ್ನನ್ನ ಇನ್ನೂ ನೋಡೇ ಇಲ್ಲ," ಅಂದರು.

ಬೆಳಿಗ್ಗೆ ನಾನು ಮೇಲ್ವಿಚಾರಕಿಯನ್ನು ಹುಡುಕಿಕೊಂಡು ಹೋಗಿ ಬೇರೆ ಟೇಬಲ್ಲು ಕೇಳಿದೆ. ಕೆಂಪು ಬಣ್ಣದ ಹೆಂಗಸರ ಜೊತೆಯಾದರೂ ಸರಿ ಅಂದೆ. "ಎಲ್ಲಾ ತುಂಬಿದೆ. ನೀವೇ ಅಲ್ವಾ ಕೊನೇವರೆಗೂ ಅಂದಿದ್ದು?" ಎಂದು ಅವಳು ಮೊದಲ ದಿನದಷ್ಟೇ ಚೆನ್ನಾಗಿ ನಕ್ಕಳು.

ಸಂಜೆ ಹೋದೆ. ಬೇಕಾದರೆ ಬೈಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಯಾರೂ ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಕಾದಿತ್ತು. ಡ್ರೈವರಮ್ಮ ವಿಗ್ಗಿಲ್ಲದೆ ಬಂದಿದ್ದರು. ತಲೆಯ ತುಂಬ ತೆಳ್ಳಗೆ ಬೂದಿ ಬಣ್ಣದ ನವಿರು, ಅಲ್ಲಲ್ಲಿ ಅದೂ ಇಲ್ಲ. ಕಾಯಿಲೆ ಬಿದ್ದಾಗ ಉದುರಿದ್ದು, ಆಮೇಲೆ ಇಷ್ಟೇ ಬಂದದ್ದಂತೆ. ಮುಖ ಅಗಲವಾಗಿ, ಕಣ್ಣು ದೊಡ್ಡದಾಗಿ ಕಾಣುತ್ತಿದ್ದವು. ಚೆನ್ನಾಗಿದ್ದರು. ಕೂದಲಿದ್ದಾಗಿನದಕ್ಕಿಂತ ಚೆನ್ನಾಗಿದ್ದರು, ನನ್ನ ಕಸುಬಿನ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಡಾಕ್ಟರೂ ಬೋಳುತಲೆಯಲ್ಲೇ ಬಂದಿದ್ದ.

"ಫ್ಯಾನ್ ಗಾಳಿ ಎಷ್ಟು ತಣ್ಣಗಿದೆ ಅಲ್ವಾ?" ಅಂತ ಆಕೆ.

"ಹೌದು ಕಣಮ್ಮಾ, ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ," ಅಂತ ಅವನು.

ಇಬ್ಬರೂ ವಿಗ್ಗಿನ ಕಥೆಗಳನ್ನು ಹೇಳಿಕೊಂಡರು. ಮೊಮ್ಮಗು ಎಳೆದದ್ದು, ಬಸ್ಸಿನ ಕಿಟಕಿಯಿಂದ ಹಾರಿಹೋಗುವುದರಲ್ಲಿದ್ದದ್ದು, ರೋಗಿಯ ಬಾಯೊಳಗೆ ಬಗ್ಗಿದಾಗ ಜಾರಿದ್ದು. ಮೇಷ್ಟ್ರು ಕೂಡ ನಕ್ಕರು. ಅಷ್ಟೂ ಹೊತ್ತು ನಾನು ಎಣ್ಣೆ ಹಚ್ಚಿ ಬಾಚಿದ ನನ್ನ ತಲೆಯನ್ನು ಹೊತ್ತುಕೊಂಡು ಅಪರಿಚಿತನಂತೆ ಕೂತಿದ್ದೆ. ಕೂದಲಿದ್ದವನಿಗೆ ಬೋಳುತಲೆಯವರ ಮೇಲೆ ಹೊಟ್ಟೆಕಿಚ್ಚು ಬಂದದ್ದನ್ನು ಎಲ್ಲಾದರೂ ಕೇಳಿದ್ದೀರಾ? ನನಗೆ ಬಂತು. ನನ್ನ ಹಾಳು ಬಾಯೇ ಅವರಿಬ್ಬರನ್ನು ಹತ್ತಿರ ತಂದು ಗಂಟು ಹಾಕಿತ್ತು.

ಮರುದಿನ ಮಧ್ಯಾಹ್ನ ನನ್ನ ರೂಮಿನ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಕತ್ತರಿ ತೆಗೆದೆ, ಆಮೇಲೆ ಕತ್ತಿ. ಎಷ್ಟೋ ತಲೆ ಬೋಳಿಸಿದ್ದೇನೆ, ನನ್ನದೇ ತಲೆಯನ್ನು ಬೋಳಿಸಿಕೊಂಡಿರಲಿಲ್ಲ. ಹಿಂಭಾಗ ಕಾಣುವುದಿಲ್ಲ, ಹಡಗು ಬೇರೆ ಓಲಾಡುತ್ತದೆ. ಕಿವಿಯ ಹಿಂದೆ ಗಾಯವಾಯಿತು. ಬೇಸಿನ್ನಿನಲ್ಲಿ ಬಿದ್ದ ರಾಶಿಯನ್ನು ಬಾಚಿ ಕಸದ ಬುಟ್ಟಿಗೆ ಹಾಕುವಾಗ ಕಣ್ಣಲ್ಲಿ ನೀರು ಬಂತು. ಇದನ್ನು ಪಶ್ಚಾತ್ತಾಪ ಎಂದು ಯಾರಾದರೂ ಅಂದುಕೊಂಡರೆ ಅವರ ಒಳ್ಳೆಯತನಕ್ಕೆ ನಮಸ್ಕಾರ. ಅದು ಹೊಟ್ಟೆಕಿಚ್ಚೇ. ಅವರ ಗುಂಪಿಗೆ ನಾನೂ ಸೇರಬೇಕಿತ್ತು.

ಸಂಜೆ ನಾನು ಟೇಬಲ್ಲಿನ ಹತ್ತಿರ ಹೋಗಿ ನಿಂತಾಗ ಮೇಷ್ಟ್ರ ಬಾಯಿಗೆ ಹೋಗುತ್ತಿದ್ದ ಚಮಚ ಮೊದಲ ಬಾರಿಗೆ ದಾರಿಯಲ್ಲಿ ನಿಂತಿತು. ಡ್ರೈವರಮ್ಮ ಎದ್ದು ಬಂದರು.

"ಬಗ್ಗಿ," ಅಂದರು.

ಬಗ್ಗಿದೆ. ಆಕೆ ನನ್ನ ತಲೆಯ ಮೇಲೆ ಅಂಗೈ ಇಟ್ಟು, ಮೆಲ್ಲಗೆ, ಹಣೆಯಿಂದ ಹಿಂದಿನವರೆಗೆ ಸವರಿದರು. ಗಾಯದ ಹತ್ತಿರ ಬೆರಳು ತಪ್ಪಿಸಿ ಹೋಯಿತು. ಹೆಂಡತಿ ಹೋದ ಮೇಲೆ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಗೆದ್ದೆ ಅಂದುಕೊಂಡೆ.

"ಮತ್ತೆ ಬರೋಕೆ ಎಷ್ಟು ದಿನ ಬೇಕು?" ಎಂದು ಕೇಳಿದರು.

ಕುರ್ಚಿಯಲ್ಲಿ ಕೂತ ಗಿರಾಕಿಗಳೆಲ್ಲ ಕೇಳುವ ಪ್ರಶ್ನೆ ಅದು. ಯೋಚನೆ ಮಾಡುವ ಮೊದಲೇ, ಅಭ್ಯಾಸದ ಬಲದಿಂದ, ಸ್ವಲ್ಪ ಹೆಮ್ಮೆಯಿಂದಲೇ ಉತ್ತರ ಬಂದುಬಿಟ್ಟಿತು: "ನಂದು ಬೇಗ ಬರುತ್ತೆ. ಒಂದು ತಿಂಗಳಿಗೆ ಬಾಚೋ ಹಾಗಾಗುತ್ತೆ."

ಕೈ ನನ್ನ ತಲೆಯಿಂದ ಹೋಯಿತು.

"ಹೌದಾ," ಅಂದರು. ಸಿಟ್ಟಿರಲಿಲ್ಲ. "ನಮ್ಮದು ಬರಲ್ಲ."

ಹೋಗಿ ಡಾಕ್ಟರ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತರು. ನಾನು ಇನ್ನೂ ಬಗ್ಗಿಕೊಂಡೇ ನಿಂತಿರುವುದನ್ನು ಕಂಡು, ಸೂಪು ತಣ್ಣಗಾಗುತ್ತೆ, ಕೂತ್ಕೊಳಿ ಅಂದರು.