ಶೇಡಿ ಗೋಡೆ

ಗಂಡನ ಮೂರನೆಯ ಲುಂಗಿಗೆ ಸಾಬೂನು ಹಚ್ಚುತ್ತಿದ್ದ ಜುಲೈಕಾಳ ಪಾದದ ಮೇಲೆ ಗುಡ್ಡೆಯ ಮಳೆನೀರು ಹರಿದು ಬಂತು. ನಿನ್ನೆಯವರೆಗೆ ಕೆಂಪಗಿದ್ದದ್ದು ಇವತ್ತು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಅವಳು ಲುಂಗಿಯನ್ನು ಕಲ್ಲಿನ ಮೇಲೆ ಬಿಟ್ಟು ತಲೆಯೆತ್ತಿದಳು.

ಕಕ್ಕಿಂಜೆಯ ಆ ಮನೆಯ ಬೆನ್ನಿಗೇ ಗುಡ್ಡೆ. ಬೇಸಿಗೆಯಲ್ಲಿ ಸೌದಿಯ ದಮ್ಮಾಮಿನಿಂದ ಬಂದ ಗಂಡ ಅಬ್ಬಾಸ್, ಮೂರು ಕಾರು ನಿಲ್ಲುವಷ್ಟು ಅಂಗಳ ಬೇಕೆಂದು ಜೆಸಿಬಿ ತರಿಸಿ ಗುಡ್ಡೆಯ ಕಾಲನ್ನೇ ಕತ್ತರಿಸಿದ್ದ. ಮನೆಗೆ ಬರುತ್ತಿದ್ದ ಕಾರು ಒಂದು, ಅದೂ ತಮ್ಮನದು. ಕೆಂಪು ಮುರಕಲ್ಲಿನ ಅಡಿಯಲ್ಲಿ ಬಿಳಿ ಶೇಡಿಮಣ್ಣು ಕಂಡಾಗ ಅವನು ಹಿಗ್ಗಿದ್ದ. “ನೋಡು, ಮಾರ್ಬಲ್‌ನ ಹಾಗೆ ಉಂಟು. ಸಾರಣೆಯೂ ಬೇಡ.”

ಶೇಡಿಯನ್ನು ಅವನು ಕಣ್ಣಲ್ಲಿ ಮಾತ್ರ ಕಂಡವ. ಜುಲೈಕಾ ಚಿಕ್ಕಂದಿನಲ್ಲಿ ಅದನ್ನು ಕಲಸಿ ಗೋಡೆಗೆ ಬಳಿದವಳು. ಒಂದು ಬೊಗಸೆ ನೀರು ಕುಡಿದರೆ ಸಾಕು, ಅದು ಬೆಣ್ಣೆಯಾಗಿ ಬೆರಳ ಸಂದಿಯಿಂದ ಜಾರುವುದು ಅವಳ ಅಂಗೈಗೆ ಗೊತ್ತಿತ್ತು. ಅಂಗೈಯ ಮಾತನ್ನು ಆ ಮನೆಯಲ್ಲಿ ಕೇಳುವವರು ಯಾರು?

ಆ ಶೇಡಿಯ ಎದುರಿಗೇ ಕಿಟಕಿ ತೆರೆಯುವ ಕೋಣೆಯಲ್ಲಿ ಏಳು ತಿಂಗಳ ಬಸುರಿ ಮಗಳು ಮುರ್ಶಿದಾ ಮಲಗಿದ್ದಳು.

ಬಿಳಿ ನೀರಿನ ಸುದ್ದಿ ಕೇಳಿ ಅಬ್ಬಾಸ್ ಜೆಸಿಬಿಯ ದಯಾನಂದನನ್ನು ಕರೆಸಿದ. ಇಬ್ಬರೂ ಕೊಡೆ ಹಿಡಿದು, ಹೆಣ್ಣು ನೋಡಲು ಬಂದವರಂತೆ ಗುಡ್ಡೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಸ್ಟ್ರಾಂಗ್ ಉಂಟು ಅಬ್ಬಾಸಾಕ,” ಎಂದ ದಯಾನಂದ. “ನಿಮ್ಮ ಅಜ್ಜನ ಕಾಲದಿಂದ ಅಲ್ಲಾಡದ್ದು ಈಗ ಅಲ್ಲಾಡ್ತದಾ?”

“ಅಜ್ಜ ಅದರ ಕಾಲು ಕಡಿಯಲಿಲ್ಲ ದಯಾನಂದಣ್ಣ,” ಅಂದಳು ಜುಲೈಕಾ.

ಅಬ್ಬಾಸ್ ನಕ್ಕ. “ಇವಳು ಜಿಯಾಲಜಿ ಓದಿದ್ದಾಳೆ ಮಾರಾಯ, ಬಟ್ಟೆಕಲ್ಲಿನ ಕಾಲೇಜಲ್ಲಿ.”

“ಒಂದು ಟರ್ಪಾಲು ಹಾಕುವ,” ಎಂದ ದಯಾನಂದ.

ಹಾಕಿದರು. ಲಕ್ಷಾಂತರ ವರ್ಷ ಮಳೆಯಲ್ಲಿ ನೆನೆದ ಗುಡ್ಡೆಗೆ ಕೊನೆಗೂ ಒಂದು ನೀಲಿ ರೈನ್‌ಕೋಟ್ ಸಿಕ್ಕಿತು. ಸಂಜೆ ಟೀವಿಯಲ್ಲಿ ಚಾರ್ಮಾಡಿಯ ರಸ್ತೆಗೆ ಗುಡ್ಡ ಜರಿದದ್ದನ್ನು ಕಂಡ ಅಬ್ಬಾಸ್, ಪ್ರಕೃತಿಯ ಮುಂದೆ ಮನುಷ್ಯ ಏನೂ ಅಲ್ಲ ಎಂದು ನಿಟ್ಟುಸಿರು ಬಿಟ್ಟು ಇನ್ನೊಂದು ಚಾ ಕೇಳಿದ.

ಚಾ ಕೊಟ್ಟು ಜುಲೈಕಾ ಮಗಳ ಬಳಿ ಹೋದಳು.

“ಗುಡ್ಡೆಗೆ ಹೆದರಿ ನಾನು ಬೇರೆ ಕೋಣೆಗೆ ಹೋದರೆ ಅಬ್ಬನಿಗೆ ಅವಮಾನ ಆಗ್ತದೆ ಉಮ್ಮಾ,” ಎಂದಳು ಮುರ್ಶಿದಾ.

“ಬೇರೆ ಕೋಣೆಗೆ ಯಾರು ಕಳಿಸ್ತಾರೆ? ಮಲಗು.”

ನಾಳೆ ಶುಕ್ರವಾರ. ಮಧ್ಯಾಹ್ನ ಗಂಡಸರೆಲ್ಲ ನಮಾಜಿಗೆ ಹೋಗುತ್ತಾರೆ. ಮುಂಡಾಜೆಯ ತಂಗಿ ರಾಫಿಯಾಳ ಮನೆಗೆ ರಿಕ್ಷಾದಲ್ಲಿ ಅರ್ಧ ಗಂಟೆಯೂ ಬೇಡ. ಹೆರಿಗೆ ಆಗುವವರೆಗೆ ಮಗಳು ಅಲ್ಲಿರಲಿ, ನಾನೂ ಇರುತ್ತೇನೆ. ಅಬ್ಬಾಸನ ಮಾನ ಬೇಕಾದರೆ ಇಲ್ಲೇ ಗುಡ್ಡೆಯ ಬುಡದಲ್ಲಿ ಮಲಗಲಿ.

ಜುಲೈಕಾ ಕಪಾಟು ತೆರೆದು, ಮಗಳ ಒಣಗಿದ ಬಟ್ಟೆಗಳನ್ನೆಲ್ಲ ಕೈಗೆ ಸಿಗುವಂತೆ ಒಂದೇ ಕಡೆ ಸರಿಸಿಟ್ಟಳು.