ಕೆಂಪಿಗೆ ಹಾಕಿದ ಪಟಿಕ

ನಾನು ಒಂದು ಮೀನಿನ ತೊಟ್ಟಿ. ಅಕ್ವೇರಿಯಂ ಎಂದು ಕರೆದರೂ ಓಗೊಡುತ್ತೇನೆ. ದಾವಣಗೆರೆಯ ಹಳೇ ಪೇಟೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯೊಂದರಲ್ಲಿ ಹುಟ್ಟಿದೆ. ಐದು ಗಾಜಿನ ಹಲಗೆಗಳನ್ನು ಗಮ್ಮಿನಿಂದ ಅಂಟಿಸಿ, ಗಮ್ಮು ಒಣಗುವವರೆಗೆ ದಾರದಿಂದ ಬಿಗಿದು ಕಟ್ಟಿಟ್ಟಿದ್ದರು. ಮೊದಲ ಸಲ ನೀರು ತುಂಬಿದಾಗ ಒಂದು ಹನಿಯೂ ಸೋರಲಿಲ್ಲ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮೊದಲು ನನ್ನನ್ನು ಕೊಂಡವರು ಒಂದು ಸೀರೆ ಅಂಗಡಿಯವರು. ಈಶಾನ್ಯದಲ್ಲಿ ಮೀನು ಆಡಿದರೆ ವ್ಯಾಪಾರ ಏಳುತ್ತದೆ ಎಂದು ವಾಸ್ತು ಹೇಳುವವನೊಬ್ಬ ಹೇಳಿಹೋಗಿದ್ದ. ಪಾಪ, ಮೀನುಗಳು ಆಡಿದ್ದೇ ಆಡಿದ್ದು, ವ್ಯಾಪಾರ ಮಾತ್ರ ಏಳಲಿಲ್ಲ. ಅಂಗಡಿ ಮುಚ್ಚುವಾಗ ನನ್ನನ್ನು ಬೀದಿಗೆ ಇಡಲು ಹೊರಟಿದ್ದರು. ಅಲ್ಲಿ ಸೀರೆ ಮಡಿಸುವ ಕೆಲಸಕ್ಕಿದ್ದ ನೇತ್ರಾವತಿ ಎಂಬ ಹುಡುಗಿ, "ನನಗರ ಕೊಡ್ರಿ ಅಣ್ಣಾ" ಎಂದು ಕೇಳಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು. ಜೊತೆಗೆ ಉಳಿದಿದ್ದ ಒಂದೇ ಒಂದು ಗೋಲ್ಡ್ ಫಿಶ್ ಕೂಡ ಬಂತು. ಅದಕ್ಕೆ ಕೆಂಪಿ ಎಂದು ಹೆಸರಿಟ್ಟಳು.

ನೇತ್ರಾವತಿಯ ಅಪ್ಪ ಹಾಲೇಶಪ್ಪನಿಗೆ ಸಲೂನ್ ಇತ್ತು. ಮುಂದಿನ ಕೋಣೆ ಸಲೂನು, ಹಿಂದೆ ಮನೆ. ಕನ್ನಡಿಯ ಪಕ್ಕದ ಕಟ್ಟೆಯ ಮೇಲೆ ನನಗೆ ಜಾಗವಾಯಿತು. ಮಗಳು ಇರುವಷ್ಟು ದಿನ ಕೆಂಪಿಗೂ ನನಗೂ ಏನೂ ಕಡಿಮೆಯಾಗಲಿಲ್ಲ. ಆಮೇಲೆ ಅವಳಿಗೆ ಗದಗಿನ ಕಡೆ ಮದುವೆಯಾಯಿತು. ಬಸ್ಸಿನ ಕುಲುಕಾಟ ಮೀನಿಗೆ ಆಗಿಬರುವುದಿಲ್ಲವೆಂದು ಕೆಂಪಿಯನ್ನು ಅಪ್ಪನಿಗೆ ಒಪ್ಪಿಸಿ ಹೋದಳು.

ಸಂಜೆ ಅವಳ ಫೋನು ಬರುತ್ತಿತ್ತು. ತಾಯಿ ಗಿರಿಜವ್ವ ಅಡುಗೆಮನೆಯಲ್ಲಿ ನಿಂತು ಸಾರಿನಿಂದ ಹಿಡಿದು ಸೊಸೈಟಿ ಅಕ್ಕಿಯವರೆಗೆ ಎಲ್ಲವನ್ನೂ ಮಾತಾಡಿ ಮುಗಿಸುತ್ತಿದ್ದಳು. ಕೊನೆಗೆ ಫೋನನ್ನು ಸಲೂನಿಗೆ ತಂದು ಗಂಡನ ಕಿವಿಗೆ ಹಿಡಿಯುತ್ತಿದ್ದಳು. ಅಪ್ಪ ಮಗಳ ನಡುವೆ ಇದ್ದದ್ದು ಒಂದೇ ಮಾತು.

"ಕೆಂಪಿ ಹೆಂಗೈತಪ್ಪಾ?"

"ಚಲೋ ಐತವ್ವ. ಈಗಿನ್ನೂ ಒಂದ್ ಸುತ್ತು ಹಾಕ್ತು."

ಅಷ್ಟೇ. ಗಿರಾಕಿಗಳ ಜೊತೆ ದಿನವಿಡೀ ಹರಟುವ ಮನುಷ್ಯನಿಗೆ ಮಗಳ ಹತ್ತಿರ ಬೇರೆ ಮಾತೇ ಬರುತ್ತಿರಲಿಲ್ಲ. ಆದರೂ ಆ ಎರಡು ಮಾತಿಗಾಗಿ ಸಂಜೆಯಾಗುತ್ತಲೇ ಒಳಬಾಗಿಲ ಕಡೆ ನೋಡುತ್ತಿದ್ದ.

ಈಗ ಗಿರಾಕಿಗಳ ವಿಷಯಕ್ಕೆ ಬರುತ್ತೇನೆ. ಅವರ ಮೇಲೆ ನನಗೆ ಸಿಟ್ಟಿದೆ. ಇದು ದಾವಣಗೆರೆ, ಪಾಳಿಗೆ ಕಾಯುವವನ ಕೈಯಲ್ಲಿ ಮಂಡಕ್ಕಿ ಪೊಟ್ಟಣ ಇದ್ದೇ ಇರುತ್ತದೆ. ತಾನು ಒಂದು ಮುಕ್ಕು ತಿಂದರೆ ಮೀನಿಗೂ ಒಂದಿಷ್ಟು! ಎಣ್ಣೆ ಮಂಡಕ್ಕಿ, ಖಾರದ ಮಂಡಕ್ಕಿ, ಒಬ್ಬ ಪುಣ್ಯಾತ್ಮ ಮಿರ್ಚಿಯ ಚೂರನ್ನೂ ಹಾಕಿದ. ಮಂಡಕ್ಕಿ ನೆನೆದು ತಳಕ್ಕೆ ಕೂತು ಕೊಳೆಯಿತು. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು.

ಹಾಲೇಶಪ್ಪನಿಗೆ ಕೊಳೆ ಕಂಡರೆ ಆಗದು. ಸಲೂನಿಗೆ ರಜೆಯಿರುವ ಮಂಗಳವಾರ ನನ್ನನ್ನು ಪೂರ್ತಿ ಬರಿದು ಮಾಡಿ, ಗಾಜು ಉಜ್ಜಿ, ನೀರು ಸೋಸುವ ಸ್ಪಂಜನ್ನು ಬಟ್ಟೆಯಂತೆ ಕಲ್ಲಿಗೆ ಬಡಿದು ಒಗೆದ. ಬ್ಲೀಚಿಂಗ್ ಪೌಡರ್ ವಾಸನೆಯ ನಳದ ನೀರನ್ನು ಹಾಗೆಯೇ ತುಂಬಿದ. ಎರಡು ದಿನಕ್ಕೆ ಮತ್ತೆ ಬೆಳ್ಳಗಾಯಿತು. ಆಗ ಅವನಿಗೊಂದು ಉಪಾಯ ಹೊಳೆಯಿತು. ಗಡ್ಡ ಹೆರೆದ ಮೇಲೆ ಕೆನ್ನೆಗೆ ತಿಕ್ಕುವ ಪಟಿಕದ ಗಟ್ಟಿ ಕೈಯಲ್ಲೇ ಇತ್ತು. ಮಳೆಗಾಲದಲ್ಲಿ ರಾಡಿ ನೀರು ಬಂದರೆ ಅವನ ತಾಯಿ ಕೊಡದೊಳಗೆ ಪಟಿಕ ತಿರುಗಿಸಿ ತಿಳಿ ಮಾಡುತ್ತಿದ್ದಳಂತೆ. ಅದನ್ನೇ ನೆನೆದು ನನ್ನೊಳಗೂ ತಿರುಗಿಸಿದ.

ಅಬ್ಬಾ, ಏನು ತಿಳಿ! ಬೆಳಿಗ್ಗೆ ಬಂದವರೆಲ್ಲ ನನ್ನ ಮುಂದೆ ನಿಂತರು. ನಾನೂ ಉಬ್ಬಿಹೋದೆ. ಹಾಲೇಶಪ್ಪ ದಿನಾ ಒಂದು ಸುತ್ತು ಪಟಿಕ ತಿರುಗಿಸತೊಡಗಿದ. ಆದರೆ ಕೆಂಪಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದಳು. ರೆಕ್ಕೆಗಳು ಮೈಗೆ ಅಂಟಿಕೊಂಡವು, ಮೈಮೇಲೆ ಬಿಳಿ ಪೊರೆ ಎದ್ದಿತು. ಕೊನೆಗೆ ತಳದಲ್ಲಿ ಒಂದು ಮಗ್ಗುಲಾಗಿ ಕೂತುಬಿಟ್ಟಳು.

ನಾಗರ ಪಂಚಮಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಮಗಳು ತವರಿಗೆ ಬರುವವಳು.

"ಮೀನು ಸತ್ರೆ ಮನೆ ಕಂಟಕ ಅದರ ಮ್ಯಾಲೆ ಹೋತು ಅನ್ಕಳಿ" ಎಂದ, ಕುರ್ಚಿಯಲ್ಲಿದ್ದ ಗಿರಾಕಿ.

ಹಾಲೇಶಪ್ಪ ಕತ್ತಿ ನಿಲ್ಲಿಸಿದ. "ಕಂಟಕ ಇದ್ರೆ ನನ್ನ ಮ್ಯಾಲೇ ಬರ್ಲಿ ಬಿಡಪ್ಪ. ಅದೇನ್ ಮಾಡೈತಿ?"

ಗಿರಿಜವ್ವ ಸುಲಭದ ದಾರಿ ಹೇಳಿದಳು. "ಇಂಥದೇ ಇನ್ನೊಂದು ತಂದು ಬಿಡ್ರಿ. ಅವಳಿಗೇನ್ ಗೊತ್ತಾಗ್ತೈತಿ?"

"ನನಗೆ ಗೊತ್ತಿರ್ತೈತಲ್ಲ" ಎಂದ. ಆಮೇಲೆ ಮೆಲ್ಲಗೆ ಹೇಳಿದ: "ನಿಮ್ಮಿಬ್ರಿಗೆ ಸಾವಿರ ಮಾತು ಅದಾವೆ. ನನಗಿರೋದು ಇದೊಂದೇ. ಇದು ಹೋದ್ರೆ ನಾ ಅವಳ ಹತ್ರ ಏನ್ ಮಾತಾಡ್ಲಿ?"

ಗಿರಿಜವ್ವ ಸೆರಗಿನಿಂದ ನನ್ನ ಗಾಜು ಒರೆಸಿದಳು. ಒರೆಸುವಂಥದ್ದೇನೂ ಅಲ್ಲಿರಲಿಲ್ಲ.

ಕೆಂಪಿಗೆ ಜೀವ ಇದೆಯೋ ಇಲ್ಲವೋ ನೋಡಲು ಹಾಲೇಶಪ್ಪ ನೀರಿಗೆ ಕೈ ಹಾಕಿದ. ತೆಗೆದು ಬೆರಳುಗಳನ್ನು ತಿಕ್ಕಿಕೊಂಡ. ಚರ್ಮ ಬಿಗಿದುಕೊಂಡಿತ್ತು. ಒಂದು ಹನಿ ನಾಲಿಗೆಗೆ ಮುಟ್ಟಿಸಿದ. ಒಗರು. ಪಟಿಕದ ಗುಣ ಅವನ ಬೆರಳಿಗೆ ಗೊತ್ತಿಲ್ಲದ್ದೇ?

"ಗಾಯಕ್ಕೆ ತಿಕ್ಕಿದ್ರೆ ಒಂದು ಗಳಿಗಿ ಉರಿತೈತಿ" ಎಂದ ತನ್ನಷ್ಟಕ್ಕೆ. "ಈ ತಾಯಿ ಹಗಲೂ ರಾತ್ರಿ ಇದರಾಗೇ ಅದಾಳಲ್ಲೋ."

ಕುರ್ಚಿಯಲ್ಲಿದ್ದವನನ್ನು ನೊರೆ ಹಚ್ಚಿದ ಮುಖದಲ್ಲೇ ಬಿಟ್ಟು ಮೀನಿನ ಅಂಗಡಿಯ ಖಲೀಲನ ಹತ್ತಿರ ಓಡಿದ. ಖಲೀಲ ಬಂದು ನೋಡಿ ಹೇಳಿದ: "ಗಾಬರಿ ಬೀಳಬ್ಯಾಡ್ರಿ ಅಣ್ಣಾ. ನೀರೆಲ್ಲಾ ಒಮ್ಮೆಗೇ ತೆಗೆದ್ರೆ ಅದಕ್ಕ ತಡಿಯಂಗಿಲ್ಲ. ನಳದ ನೀರು ಒಂದು ದಿನ ಬಕೀಟಿನಾಗ ಬಾಯಿ ತೆರೆದು ಇಡ್ರಿ, ದಿನಾ ಸ್ವಲ್ಪ ಸ್ವಲ್ಪ ಬದಲಿ ಮಾಡ್ರಿ. ಸ್ಪಂಜನ್ನ ತೊಟ್ಟಿ ನೀರಿನಾಗೇ ಅದ್ದಿ ಹಿಂಡ್ರಿ, ಸಾಕು. ಕೊಳೆ ತಿನ್ನೋ ಸಣ್ಣ ಜೀವ ಅದರಾಗ ಇರ್ತಾವೆ, ನೀವು ಅವನ್ನೂ ಒಗೆದು ಹಾಕೀರಿ. ಗಾಜಿಗೆ ಹಸರು ಹತ್ತಿದ್ರೂ ಉಜ್ಜಬ್ಯಾಡ್ರಿ. ಮಂಡಕ್ಕಿ ಬಂದ್. ಪಟಿಕ ಗಡ್ಡಕ್ಕಷ್ಟೇ."

ಹಾಲೇಶಪ್ಪನಿಗೆ ಕಷ್ಟವಾದದ್ದು ಉಳಿದ ಕೆಲಸವಲ್ಲ, ಸುಮ್ಮನಿರುವುದು. ನನ್ನ ಗಾಜಿಗೆ ತೆಳ್ಳಗೆ ಹಸಿರು ಹತ್ತಿದಾಗ ಅವನ ಕೈ ಬಟ್ಟೆಯ ಕಡೆ ಹೋಗುತ್ತಿತ್ತು, ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಮಂಗಳವಾರಗಳಲ್ಲಿ ನನ್ನ ಎದುರು ಕೈಕಟ್ಟಿ ಕೂರುತ್ತಿದ್ದ. ಸಂಜೆ ಫೋನು ಬಂದರೆ ಕೆಮ್ಮು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ, ಕೆಂಪಿಯ ವಿಷಯದಲ್ಲಿ ಸುಳ್ಳು ಹೇಳಲು ಬಾಯಿ ಬಾರದೆ. ಒಂದು ಬೆಳಿಗ್ಗೆ ಕೆಂಪಿ ತಳದಿಂದ ಎದ್ದು ಮೀನಿನ ತಿನಿಸಿನ ಒಂದು ಕಾಳು ನುಂಗಿದಳು. ನನಗೆ ಆದ ಸಂತೋಷ ಹೇಳತೀರದು.

ಪಂಚಮಿಗೆ ನೇತ್ರಾವತಿ ಬಂದಳು. ಬ್ಯಾಗು ಇಳಿಸುವ ಮೊದಲೇ ನನ್ನ ಹತ್ತಿರ ಬಂದು, "ಇದೇನಪ್ಪಾ, ಗಾಜು ಹಸರಗಾಗೈತಿ! ನೀ ತೊಳಿಲಾರದೆ ಬಿಟ್ಟಿ?" ಎಂದಳು. ಅಪ್ಪ ತಲೆ ತಗ್ಗಿಸಿ ಪಟಿಕದ ಕಥೆಯನ್ನೆಲ್ಲ ಹೇಳಿದ. ಅವಳು ಹಬ್ಬದ ಉಂಡಿ ಕೈಯಲ್ಲಿ ಹಿಡಿದು ನಗತೊಡಗಿದಳು. "ಹಂಗಾರೆ ಕೆಂಪಿಗೂ ಶೇವಿಂಗ್ ಮಾಡೀಯಲ್ಲಪ್ಪಾ" ಎಂದಳು. ಹಾಲೇಶಪ್ಪನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು.

ಆಮೇಲೆ ವರ್ಷಗಟ್ಟಲೆ ನಾವು ಸುಖವಾಗಿದ್ದೆವು. ಕೆಂಪಿ ಅಂಗೈಯಷ್ಟು ದೊಡ್ಡವಳಾಗಿ, ಮುದುಕಿಯಾಗಿ, ಬಣ್ಣ ಮಾಸಿ, ಯಾವ ರೋಗವೂ ಇಲ್ಲದೆ ಒಂದು ಮುಂಜಾನೆ ತೇಲಿದಳು. ಗಿರಿಜವ್ವ ಅವಳನ್ನು ತುಳಸಿಯ ಬುಡದಲ್ಲಿ ಹೂತಳು. ನನ್ನ ಗಮ್ಮೂ ಅಷ್ಟರಲ್ಲಿ ಒಣಗಿ ಸೀಳುಬಿಟ್ಟಿತ್ತು. ನೀರು ಖಾಲಿ ಮಾಡಿ ನನ್ನನ್ನು ಸಲೂನಿನ ಮೂಲೆಗೆ ಇಟ್ಟರು. ಈಗ ನನ್ನೊಳಗೆ ಒಗೆದು ಮಡಿಸಿದ ಟವೆಲುಗಳಿವೆ. ಬಿಸಿಲಿನ ವಾಸನೆ, ಬೆಚ್ಚಗಿನ ಭಾರ. ನೀರು ಹಿಡಿದಿಟ್ಟುಕೊಳ್ಳುವ ಜವಾಬ್ದಾರಿ ತಪ್ಪಿತಲ್ಲ, ಇದೂ ಒಂದು ಸುಖವೇ.

ಕೆಂಪಿ ಹೋದ ಆ ಸಂಜೆಯೂ ಫೋನು ಬಂತು. ಗಿರಿಜವ್ವ ವಿಷಯ ಹೇಳಿರಲಿಲ್ಲ. ಸುಮ್ಮನೆ ತಂದು ಗಂಡನ ಕೈಗಿಟ್ಟಳು.

"ಕೆಂಪಿ ಹೋತವ್ವ" ಎಂದ ಹಾಲೇಶಪ್ಪ. "ವಯಸ್ಸಾಗಿತ್ತು. ನರಳಾಡಲಿಲ್ಲ."

ಅಪ್ಪ ಮಗಳ ಮಾತು ಅಲ್ಲಿಗೆ ಮುಗಿಯಿತೆಂದು ಗಿರಿಜವ್ವ ಫೋನಿಗೆ ಕೈ ಚಾಚಿದಳು. ಹಾಲೇಶಪ್ಪ ಕೊಡಲಿಲ್ಲ. ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತ.

"ಅದಿರ್ಲಿ ಮಗಾ" ಎಂದ. "ನೀ ಹೆಂಗದೀ?"

ಅವಳು ಹೇಳುತ್ತಾ ಹೋದಳು. ಅವನು ಕೇಳುತ್ತಾ ಕೂತ.