ನೆಡ್ರಾ ಹೇಳಿದ ನಂಬರು

ನೆಡ್ರಾ ಹೋಯ್ಟ್‌ಳ ಕುಂಡೆಗೆ ಆ ಕೌಂಟಿಯಲ್ಲಿ ಇದ್ದ ಮರ್ಯಾದೆ ಜಡ್ಜಿಗೂ ಇರಲಿಲ್ಲ. ಇದು ಪೋಲಿ ಮಾತಲ್ಲ, ಕಸುಬಿನ ಮಾತು. ಕಾರಿಗೆ ಹೊಸದೇನಾದರೂ ಜೋಡಿಸಿದ ಮೇಲೆ ಎಂಜಿನ್ನಿನ ಬಲ ಹೆಚ್ಚಿತೋ ಇಲ್ಲವೋ ಎಂದು ಅಳೆಯಲು ದೊಡ್ಡ ಊರುಗಳಲ್ಲಿ ಯಂತ್ರಗಳಿವೆ. ಅಮೆರಿಕದ ಇಂಡಿಯಾನಾ ರಾಜ್ಯದ ಆ ಮೂಲೆಯಿಂದ ಅಂಥ ಯಂತ್ರಕ್ಕೆ ಎಪ್ಪತ್ತು ಮೈಲಿ. ಹಾಗಾಗಿ ಅಲ್ಲಿನವರು ಸೀಟಿನಲ್ಲಿ ಕೂತು, ಆಕ್ಸಿಲರೇಟರ್ ಒತ್ತಿ, ಮೈ ಎಷ್ಟು ಹಿಂದಕ್ಕೆ ಹೋಯಿತು ಎಂಬುದರ ಮೇಲೆ ತೀರ್ಪು ಕೊಡುತ್ತಾರೆ. ಇದಕ್ಕೆ ಅವರು ಇಟ್ಟಿರುವ ಹೆಸರು ಕುಂಡೆ ಮೀಟರು. ಎಲ್ಲರ ಮೀಟರೂ ತಾವು ಹೊಸದಾಗಿ ಹಾಕಿಸಿದ್ದರ ಪರವಾಗಿಯೇ ಓದುತ್ತದೆ. ನೆಡ್ರಾಳದು ಮಾತ್ರ ಯಾರ ಮುಲಾಜಿಗೂ ಬೀಳುವುದಿಲ್ಲವೆಂದು ಪ್ರತೀತಿ.

ಅವಳ ಗಂಡ ಡೆಲ್ಬರ್ಟ್. ಎಲ್ಲರ ಬಾಯಲ್ಲೂ ಡೆಲ್. ಮೂವತ್ತು ವರ್ಷದಿಂದ ಸೈಲೆನ್ಸರ್ ಅಂಗಡಿ ಇಟ್ಟಿದ್ದ. ಕಂಪನಿಯವರು ಕೂರಿಸಿ ಕಳಿಸಿದ ಹೊಗೆ ಪೈಪನ್ನು ಕಿತ್ತು ತನ್ನ ಕೈಯಾರೆ ಬಗ್ಗಿಸಿ ಬೆಸುಗೆ ಹಾಕಿದ ಪೈಪು ಕೂರಿಸುವುದು ಅವನ ಕೆಲಸ. ಪ್ರತಿ ಹೊಸ ಪೈಪನ್ನೂ ಮೊದಲು ಓಡಿಸಿ ನೋಡುವುದು ನೆಡ್ರಾ. ಅವಳು "ಬಂತು" ಅಂದರೆ ಗಿರಾಕಿಗೆ ಕೀ ಕೊಡುತ್ತಿದ್ದ. "ಬರ್ಲಿಲ್ಲ" ಅಂದರೆ ಮಾತಾಡದೆ ಮತ್ತೆ ಕಾರನ್ನು ಮೇಲೆತ್ತುತ್ತಿದ್ದ. ಇಪ್ಪತ್ತೆರಡು ವರ್ಷದ ದಾಂಪತ್ಯ ಮುಖ್ಯವಾಗಿ ಈ ಎರಡು ಮಾತಿನ ಮೇಲೆ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ಅವರದೊಂದು ಹಳೆಯ ಓಟದ ಕಾರಿತ್ತು, ಎಪ್ಪತ್ತನಾಲ್ಕನೇ ಇಸವಿಯ ನೋವಾ. ಕನ್ನಡದ ಕಿವಿಗೆ ಈ ಹೆಸರು ಯಾರೋ ಪಾಪ ಎಂದು ವಿಚಾರಿಸಿಕೊಂಡ ಹಾಗೆ ಕೇಳುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಭಾನುವಾರಗಳಲ್ಲಿ ನೆಡ್ರಾ ಅದನ್ನು ಕಾಲು ಮೈಲಿ ಓಟಕ್ಕೆ ಒಯ್ಯುತ್ತಿದ್ದಳು. ಆ ಓಟದಲ್ಲಿ ಜೋರಾಗಿ ಹೋದವರು ಗೆಲ್ಲುತ್ತಾರೆಂದು ತಿಳಿದವರು ಮೊದಲ ವರ್ಷವೇ ಸೋತು ಮನೆಗೆ ಹೋಗುತ್ತಾರೆ. ನಿಮ್ಮ ಕಾರು ಕಾಲು ಮೈಲಿಯನ್ನು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆಂದು ನೀವೇ ಮುಂಚಿತವಾಗಿ ಬಿಳಿ ಬೂಟ್ ಪಾಲಿಶಿನಲ್ಲಿ ಗಾಜಿನ ಮೇಲೆ ದಪ್ಪಗೆ ಬರೆಯಬೇಕು. ಇಬ್ಬರ ನಂಬರಿನಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅಷ್ಟು ಹೊತ್ತು ಮೊದಲು ನಿಧಾನದ ಕಾರನ್ನು ಬಿಡುತ್ತಾರೆ. ಬರೆದದ್ದಕ್ಕಿಂತ ಬೇಗ ಮುಟ್ಟಿದರೆ ಕಳ್ಳಾಟವೆಂದು ಸೋಲು. ಬರೆದಷ್ಟು ಬೇಗ ಮುಟ್ಟಲಾಗದಿದ್ದರೆ ಎದುರಾಳಿಗೆ ಸುಮ್ಮನೆ ಮುನ್ನಡೆ ದಾನ ಮಾಡಿದಂತೆ. ಒಟ್ಟಿನಲ್ಲಿ ತನ್ನ ಕಾರಿನ ಯೋಗ್ಯತೆ ತನಗೆ ಸರಿಯಾಗಿ ಗೊತ್ತಿರಬೇಕು. ನೋವಾದ ಯೋಗ್ಯತೆ 14.62, ಬಹಳ ವರ್ಷದಿಂದ ಅಷ್ಟೇ. ನೆಡ್ರಾ ಸೀಟಿನಲ್ಲಿ ಕೂತು ನಂಬರು ಹೇಳುವುದು, ಡೆಲ್ ಕಿಟಕಿಯ ಹೊರಗೆ ನಿಂತು ಬರೆಯುವುದು ಪದ್ಧತಿ. ಹೀಗೆ ಬರೆದೂ ಬರೆದೂ ಅವರು ವರ್ಷದ ಕಪ್ಪಿನಲ್ಲಿ ನಾಲ್ಕು ಸಲ ಎರಡನೆಯವರಾಗಿದ್ದರು. ಮೊದಲನೆಯವರು ಒಮ್ಮೆಯೂ ಆಗಿರಲಿಲ್ಲ.

ಆ ವರ್ಷ ಜೂನ್‌ನಲ್ಲಿ ಡೆಲ್‌ಗೆ ಮಂಡಿ ಆಪರೇಷನ್ ಆಯಿತು. ಅಂಗಡಿ ಮುಚ್ಚಿತು. ಡೆಲ್ ಮುಂಬಾಗಿಲ ಜಗಲಿಯ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು, ಹೋಗಿ ಬರುವ ಕಾರುಗಳ ಸದ್ದು ಕೇಳಿಕೊಂಡು ಎರಡು ತಿಂಗಳು ಕಳೆದ. ಮೊದಲು ಹಾಸ್ಯ ನಿಂತಿತು, ಆಮೇಲೆ ಬೈಗುಳ ನಿಂತಿತು. ಬೈಗುಳ ನಿಂತಾಗ ನೆಡ್ರಾಳಿಗೆ ಹೆದರಿಕೆಯಾಯಿತು. ಓಟಕ್ಕೆ ಅವಳೊಬ್ಬಳೇ ಹೋಗಿಬರುತ್ತಿದ್ದಳು. ನಂಬರು ಬರೆಯಲು ಪಕ್ಕದ ಮನೆಯ ಅಂಚೆಯವ ಮೆರ್ಲ್ ಬರುತ್ತಿದ್ದ.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ಡೆಲ್ ಕೋಲೂರಿಕೊಂಡು ಗ್ಯಾರೇಜಿಗೆ ಹೋದ. ನೆಡ್ರಾ ಅಡುಗೆಮನೆಯಲ್ಲಿ ನಿಂತು, ಅವನು ಅಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರಿಗೆ ಬೈಯುವುದನ್ನು ಕೇಳಿ ಕಣ್ಣೊರೆಸಿಕೊಂಡಳು. ಎರಡು ವಾರದ ನಂತರ ನೋವಾಕ್ಕೆ ಎಂಜಿನ್ನಿನಿಂದ ಬಂಪರಿನವರೆಗೆ ಮೂರಿಂಚಿನ ಜೋಡಿ ಪೈಪು ಬಂದಿತ್ತು. ಬೆಸುಗೆಯ ಗೆರೆ ಎಲ್ಲೂ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮೊದಲಿದ್ದದ್ದು ಎರಡೂಕಾಲಿಂಚಿನದು. ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದ. ಕಪ್ಪು ಯಾರಿಗೆಂದು ತೀರ್ಮಾನವಾಗುವ ವರ್ಷದ ಕೊನೆಯ ಓಟಕ್ಕೆ ಐದು ದಿನ ಬಾಕಿ.

ಮಂಗಳವಾರ ಸಂಜೆ ನೆಡ್ರಾ ಕಾರು ಹತ್ತಿದಳು. ಕೀ ತಿರುಗಿಸಿದಾಗ ಎದುರುಮನೆಯ ನಾಯಿ ಒಳಗೆ ಹೋಯಿತು. ಬೀದಿ ಕೊನೆಯ ಸ್ಟಾಪ್ ಬೋರ್ಡಿನಲ್ಲಿ ನಿಲ್ಲಿಸಿ ಹೊರಡುವಾಗಲೇ ಅವಳಿಗೆ ಗೊತ್ತಾಯಿತು. ಸದ್ದು ಮುಂದೆ ಹೋಗುತ್ತಿತ್ತು, ಕಾರು ಹಿಂದಿನಿಂದ ಬರುತ್ತಿತ್ತು. ಎಂಜಿನ್ನು ಬಿಡುವ ಹೊಗೆ ಬಿಗಿಯಾದ ಪೈಪಿನಲ್ಲಿ ಓಡುತ್ತಾ ಹಿಂದಿನ ಹೊಗೆಯನ್ನೂ ಎಳೆದುಕೊಂಡು ಹೋಗಬೇಕು. ಆಗ ಸಿಲಿಂಡರು ಚೊಕ್ಕವಾಗಿ ಖಾಲಿಯಾಗುತ್ತದೆ. ಪೈಪು ಹೆಚ್ಚು ಅಗಲವಾದರೆ ಹೊಗೆ ಅಲ್ಲೇ ಆರಾಮಾಗಿ, ತಣ್ಣಗಾಗಿ, ಕಾಲೆಳೆದುಕೊಂಡು ಹೋಗುತ್ತದೆ. ಎಂಜಿನ್ನು ಜೋರಾಗಿ ತಿರುಗುವಾಗ ಅಗಲದ ಪೈಪಿನಿಂದ ಲಾಭವಿರಬಹುದು. ನೋವಾದ ಮುದಿ ಎಂಜಿನ್ನು ಅಷ್ಟು ಜೋರಾಗಿ ತಿರುಗುವುದೇ ಇಲ್ಲ. ಇದೆಲ್ಲ ನೆಡ್ರಾಳಿಗೆ ಹೇಳಿಕೊಟ್ಟವನೇ ಡೆಲ್. ಆದರೆ ಎರಡು ತಿಂಗಳು ಸದ್ದು ಮಾತ್ರ ಕೇಳಿಕೊಂಡು ಕೂತವನಿಗೆ ಸದ್ದೇ ಬಲವೆಂದು ಕಂಡಿತ್ತು.

ಅವಳು ವಾಪಸು ಬಂದಾಗ ಡೆಲ್ ಗೇಟಿನ ಬಳಿ ನಿಂತಿದ್ದ. ಕೋಲು ಇರಲಿಲ್ಲ. ಎಲ್ಲೋ ಒರಗಿಸಿ ಮರೆತಿದ್ದ.

"ಹೇಗಿದೆ?" ಅಂದ.

"ಬಂತು," ಅಂದಳು ನೆಡ್ರಾ.

ಇಪ್ಪತ್ತೆರಡು ವರ್ಷದಲ್ಲಿ ಆ ಸೀಟಿನಿಂದ ಅವಳು ಹೇಳಿದ ಮೊದಲ ಸುಳ್ಳು ಅದು. ಅವನ ಮುಖ ನೋಡಿ ಹೇಳಿದಳು. ಅವನ ಮೇಲಿನ ಪ್ರೀತಿಗೆ ಹೇಳಿದಳು. ಶುಕ್ರವಾರದ ಹೊತ್ತಿಗೆ ಮೆರ್ಲ್ ಕೂಡ ತನ್ನ ಕಾರಿಗೆ ಮೂರಿಂಚಿನದೇ ಹಾಕಿಸಿಕೊಂಡಿದ್ದ. ನೆಡ್ರಾಳ ಮಾತಿನ ಮೇಲೆ ಹಾಕಿಸಿಕೊಂಡದ್ದು.

ಭಾನುವಾರ ನೆಡ್ರಾ ಹೇಳುವ ಮೊದಲೇ ಡೆಲ್ ಗಾಜಿನ ಮೇಲೆ 14.50 ಎಂದು ಬರೆದ. ಅಂದರೆ ತನ್ನ ಪೈಪು ಕಾರನ್ನು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚೇ ಬೇಗ ಮುಟ್ಟಿಸುತ್ತದೆಂದು ಲೆಕ್ಕ. ಮೊದಲ ಸುತ್ತಿನಲ್ಲಿ ನೋವಾ ಓಡಿದ್ದು 14.87. ಎದುರಾಳಿ ಹಸಿರು ದೀಪಕ್ಕೆ ಮೊದಲೇ ಹೊರಟು ಔಟಾದ. ಎರಡನೇ ಸುತ್ತಿನಲ್ಲಿ 14.88. ಎದುರಾಳಿ ಬರೆದದ್ದಕ್ಕಿಂತ ಬೇಗ ಮುಟ್ಟಿ ಔಟಾದ. ಮೂರನೆಯವನ ಕಾರು ಸ್ಟಾರ್ಟೇ ಆಗಲಿಲ್ಲ. ಮೂರು ಗೆಲುವನ್ನೂ ಡೆಲ್ ಪೈಪಿನ ಖಾತೆಗೆ ಹಾಕಿದ. ಸಮಯದ ಚೀಟಿಗಳನ್ನು ನೋಡಿ, "ಎದುರು ಗಾಳಿ," ಅಂದ. ಆಚೆ ಹೋಟೆಲ್ ಗಾಡಿಯ ಬಾವುಟ ಕಂಬಕ್ಕೆ ಅಂಟಿಕೊಂಡು ಜೋಲುಬಿದ್ದಿತ್ತು.

ಫೈನಲ್‌ನಲ್ಲಿ ಎದುರಾದವಳು ಟ್ರಿನಾ ಗೆಸ್ಟ್. ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಕೆಲಸ. ಮಕ್ಕಳನ್ನು ಸ್ಕೂಲಿಗೆ ಬಿಡುವ ವ್ಯಾನಿನಲ್ಲೇ ಓಟಕ್ಕೆ ಬರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಬಿಸ್ಕತ್ತಿನ ಪುಡಿ ಹಾಗೇ ಇರುತ್ತಿತ್ತು. ಕಂಪನಿಯ ಪೈಪು, ಕಂಪನಿಯ ಸೈಲೆನ್ಸರು. ಗಾಜಿನ ಮೇಲೆ 16.90 ಎಂದು ಬರೆಯುತ್ತಿದ್ದಳು, ಅಷ್ಟೇ ಓಡುತ್ತಿದ್ದಳು. ಅವಳು ತಪ್ಪು ಮಾಡಿ ಸೋಲುವ ಪೈಕಿಯೇ ಅಲ್ಲ.

ಸಾಲಿನಲ್ಲಿ ನಿಂತಾಗ ನೆಡ್ರಾಳಿಗೆ ಎಲ್ಲ ಸ್ಪಷ್ಟವಿತ್ತು. 14.50 ಇದ್ದರೆ ಟ್ರಿನಾಳಿಗೆ ಸೆಕೆಂಡಿನ ಮೂರನೇ ಒಂದು ಪಾಲಿಗೂ ಹೆಚ್ಚು ದಾನ ಹೋಗುತ್ತದೆ, ಕಪ್ಪು ಐದನೇ ಸಲವೂ ಹೋಗುತ್ತದೆ. 14.87 ಎಂದು ಬರೆಸಿದರೆ ಗೆಲ್ಲಬಹುದು. ಆದರೆ ಡೆಲ್ ಹೋಯ್ಟ್ ಪೈಪು ಹಾಕಿ ಕಾರನ್ನು ನಿಧಾನ ಮಾಡಿದ್ದಾನೆಂದು ಅವನ ಕೈಯಿಂದಲೇ ಗಾಜಿನ ಮೇಲೆ ಬರೆಸಿ, ಮೈಕಿನಲ್ಲಿ ಓದಿಸಿದ ಹಾಗಾಗುತ್ತದೆ.

ಡೆಲ್ ಪಾಲಿಶ್ ಬಾಟಲಿ ಹಿಡಿದು ಕಿಟಕಿಗೆ ಬಗ್ಗಿದ. "ಐವತ್ತೇ ಇರ್ಲಾ?" ಎಂದು ಕೂಗಿದ.

ಅವಳು ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಮೂರಿಂಚಿನ ಪೈಪು ಎರಡೂ ಕಡೆ ಅಬ್ಬರಿಸುತ್ತಿತ್ತು.

"ಏನು?"

ಮತ್ತೆ ಹೇಳಿದಳು. ಅವನು ಕಿವಿಗೆ ಕೈಯಿಟ್ಟ. ಪಕ್ಕದಲ್ಲಿದ್ದ ಮೆರ್ಲ್ ಕೂಡ ಕಿವಿಗೆ ಕೈಯಿಟ್ಟ. ನೆಡ್ರಾ ಎಂಜಿನ್ನು ಆರಿಸಿದಳು. ನಿಂಬೆ ಪಾನಕದ ಸಾಲಿನಲ್ಲಿ ನಿಂತವರೆಲ್ಲ ಏನಾಯಿತೆಂದು ತಿರುಗಿ ನೋಡಿದರು.

"ಹದಿನಾಲ್ಕು ಎಂಬತ್ತೇಳು," ಅಂದಳು.

"ಎಂಬತ್ತೇಳಾ?"

"ಎಂಬತ್ತೇಳು."

"ಈಗ ಗಾಳಿ ನಿಂತಿದೆ ನೆಡ್ರಾ."

"ಗಾಳಿ ಬೆಳಗಿಂದಾನೂ ಇರ್ಲಿಲ್ಲ ಡೆಲ್."

ಡೆಲ್ ಬಾವುಟದ ಕಡೆ ನೋಡಿದ. ಬಹುಶಃ ಅವತ್ತು ಮೊದಲ ಸಲ ನೋಡಿದ್ದು.

"ಪೈಪಾ?" ಅಂದ.

"ಪೈಪೇ. ದಪ್ಪ ಆಯ್ತು. ಹೊರಡುವಾಗ ಎಳೆತಾನೇ ಇಲ್ಲ. ಅದಕ್ಕೆ ಉಸಿರು ಬರೋ ಹೊತ್ತಿಗೆ ಕಾಲು ಮೈಲಿ ಮುಗ್ದಿರುತ್ತೆ."

"ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ಮಂಗಳವಾರ ಎಲ್ಲಿ?"

"ಸ್ಟಾಪ್ ಬೋರ್ಡ್ ಹತ್ರ."

"ಅಂದ್ರೆ ಮನೆಯಿಂದ ನೂರು ಗಜ."

"ಅಷ್ಟೂ ಇಲ್ಲ."

ಮೆರ್ಲ್ ಗಂಟಲು ಸರಿಮಾಡಿಕೊಂಡ. "ಹಂಗಾದ್ರೆ ನಂದು?"

"ನಿಂದೂ ಅಷ್ಟೇ ಮೆರ್ಲ್."

"ಆದ್ರೆ ನಾನು ಓಡಿಸ್ದಾಗ ನನ್ ಕುಂಡೆಗೆ ಸರಿಯಾಗೇ ಗೊತ್ತಾಯ್ತಲ್ಲ!"

"ನಿನಗೆ ಗೊತ್ತಾಗಿದ್ದು ಕಿವೀಲಿ. ಸ್ವಲ್ಪ ಸುಮ್ನಿರು ಮಾರಾಯ."

ಡೆಲ್ 14.50 ಅನ್ನು ಅಂಗಿಯ ತೋಳಿನಿಂದ ಒರೆಸಿದ. ಒರೆಸಿದ ಜಾಗದಲ್ಲಿ 14.87 ಎಂದು ದಪ್ಪಗೆ, ನಿಧಾನವಾಗಿ ಬರೆದ. ಪಕ್ಕದ ಗಾಜಿನ ಮೇಲೆ ಬರೆದ. ನಿಯಮದ ಪ್ರಕಾರ ಅಷ್ಟು ಸಾಕು. ಅವನು ಕುಂಟಿಕೊಂಡು ಹಿಂದೆ ಹೋಗಿ ಹಿಂಭಾಗದ ಗಾಜಿನ ಮೇಲೂ ಬರೆದ, ಇನ್ನೊಂದು ಬದಿಯ ಗಾಜಿನ ಮೇಲೂ ಬರೆದ. ಬರೆಯುತ್ತಿರುವಾಗಲೇ ಮೈಕಿನವನು ಅದನ್ನು ಓದಿ, ಕಣ್ಣು ತಪ್ಪಿತೇನೋ ಎಂದು ಇನ್ನೊಮ್ಮೆ ಓದಿದ. ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕ.

ಟ್ರಿನಾಳ ವ್ಯಾನು ಎರಡು ಸೆಕೆಂಡು ಮೊದಲು, ಸಂತೆಗೆ ಹೊರಟ ಹಾಗೆ ಹೊರಟಿತು. ಆಮೇಲೆ ನೆಡ್ರಾ. ದಾರಿಯುದ್ದಕ್ಕೂ ಅವಳಿಗೆ ವ್ಯಾನಿನ ಹಿಂಬದಿಯ ಹಲ್ಲುಜ್ಜುವ ಬ್ರಷ್ಷಿನ ಚಿತ್ರ ಕಾಣುತ್ತಿತ್ತು. ಅದು ದೊಡ್ಡದಾಗುತ್ತಾ ಬಂದು, ಕೊನೆಯ ಹತ್ತು ಗಜದಲ್ಲಿ ಪಕ್ಕಕ್ಕೆ ಸರಿಯಿತು. ನೋವಾ ಓಡಿದ್ದು 14.88, ವ್ಯಾನು ಅವತ್ತೊಂದು ಸಲ 16.93. ಗೆಲುವಿನ ದೀಪ ಅವಳ ಕಡೆ ಹತ್ತಿತು.

ಕಪ್ಪು ಕೊಡುವಾಗ ಮೈಕಿನವನು ಡೆಲ್‌ನನ್ನೂ ಕರೆದು, ಪೈಪು ಎಷ್ಟು ಇಂಚಿನದೆಂದು ಕೇಳಿದ. "ಮೂರಿಂಚು," ಅಂದ ಡೆಲ್. "ಯಾರೂ ಹಾಕಿಸ್ಬೇಡಿ. ಹಾಕಿಸಿರೋರು ಬನ್ನಿ, ತೆಗೆದುಕೊಡ್ತೀನಿ." ಜನ ಚಪ್ಪಾಳೆ ತಟ್ಟಿದರು. ಫೋಟೊದಲ್ಲಿ ಡೆಲ್ ನಗುತ್ತಿದ್ದಾನೆ. ನೆಡ್ರಾ ಕಪ್ಪು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಾಳೆ.

ನೋವಾವನ್ನು ಟ್ರೈಲರಿಗೆ ಕಟ್ಟಿ ಮನೆಗೆ ಹೊರಟರು. ಹನ್ನೆರಡನೇ ಮೈಲಿಯಲ್ಲಿ ಡೆಲ್, "ಉಳಿದವು?" ಅಂದ.

"ಉಳಿದವು ಏನು?"

"ಇಷ್ಟು ವರ್ಷ ನೀನು ಬಂತು ಅಂದಿದ್ದು. ಆ ಪೈಪುಗಳೆಲ್ಲ."

"ಅವೆಲ್ಲ ನಿಜ ಡೆಲ್. ಇದೊಂದೇ."

"ಹ್ಞೂಂ," ಅಂದ. ಆಮೇಲೆ, "ನನಗೆ ಹೆಂಗೆ ಗೊತ್ತಾಗ್ಬೇಕು?" ಅಂದ. ಕೋಪದಿಂದಲ್ಲ, ನಿಜವಾಗಿಯೂ ಕೇಳಿದ. ನೆಡ್ರಾ ಅವನ ಕಡೆ ತಿರುಗಿ ನೋಡಿದಳು. ಸುಳ್ಳು ಹೇಳಿದ್ದು ಅವನ ಮುಖಕ್ಕೋಸ್ಕರ. ಈಗ ಆ ಮುಖದಲ್ಲಿ, ಮಾರಿದ ಪೈಪುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡುತ್ತಿರುವ ಕಳೆಯಿತ್ತು. ಅವಳು ತಮ್ಮ ಬೀದಿಗೆ ಗಾಡಿ ತಿರುಗಿಸಿದಳು.

ಮುಂದಿನ ಶನಿವಾರ ಅವನು ಎರಡೂಕಾಲಿಂಚಿನ ಪೈಪನ್ನು ಮತ್ತೆ ಕೂರಿಸಿದ. ನೆಡ್ರಾ ಕಾರು ಹತ್ತಿದಳು. ಈ ಸಲ ಡೆಲ್ ಗೇಟಿನ ಬಳಿ ನಿಲ್ಲಲಿಲ್ಲ, ಮಂಡಿ ಮಡಚಲಾಗದೆ ಒದ್ದಾಡಿ ಅವಳ ಪಕ್ಕದ ಸೀಟಿನಲ್ಲಿ ಬಂದು ಕೂತ. ಸ್ಟಾಪ್ ಬೋರ್ಡು ದಾಟಿ, ಜೋಳದ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಅವಳು ಆಕ್ಸಿಲರೇಟರ್ ಒತ್ತಿದಳು. ಬೆನ್ನು ಸೀಟಿಗೆ ಅಂಟಿತು. ಹಳೆಯ ಕಾರು ಹಾಗೇ ವಾಪಸು ಬಂದಿತ್ತು. ಅವಳಿಗೆ ಅಳು ಬರುವಷ್ಟು ಖುಷಿಯಾಯಿತು.

"ಬಂತು ಡೆಲ್," ಅಂದಳು.

ರಸ್ತೆ ಬದಿಯ ಕಾಲು ಮೈಲಿ ಗುರುತು ದಾಟುತ್ತಲೇ ಪಕ್ಕದಲ್ಲಿ ಟಿಕ್ ಎಂದಿತು. ಡೆಲ್‌ನ ಅಂಗೈಯಲ್ಲಿ ಒಂದು ಸ್ಟಾಪ್‌ವಾಚ್ ಇತ್ತು. ಹೊಸದು. ಮುಚ್ಚಿಟ್ಟುಕೊಳ್ಳಲು ನೋಡಿದ, ಆಗಲಿಲ್ಲ.

ನೆಡ್ರಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. "ಏನಂತೆ ಅದು?"

"ನೀನು ಹೇಳಿದ್ದೇ ಹೇಳ್ತು."

"ಸಮಾಧಾನ ಆಯ್ತಾ?"

"ಆಯ್ತು," ಅಂದ ಡೆಲ್. ಸ್ಟಾಪ್‌ವಾಚನ್ನು ಅಂಗಿಗೆ ತಿಕ್ಕಿದ. ಆಮೇಲೆ ಅದನ್ನು ಸೊನ್ನೆಗೆ ತಂದ.

"ಬೇಜಾರು ಮಾಡ್ಕೋಬೇಡ," ಅಂದ. "ಇನ್ನೊಂದ್ಸಲ ಹೋಗೋಣ್ವಾ?"

ನೆಡ್ರಾ ಕನ್ನಡಿ ನೋಡಿ, ಮತ್ತೆ ಮೊದಲಿನಿಂದ ಓಡಿಸಲು ಕಾರನ್ನು ಹಿಂದಕ್ಕೆ ತಿರುಗಿಸಿದಳು.